ಹಿಂದಿನ ಗಾಲಿಯೊಳಗಿನ ಕುಸುಬೆ ಎಣ್ಣೆ

ಇವತ್ತು ಬೆಳಿಗ್ಗೆ ಎಣ್ಣೆ ಡಬ್ಬಿಯ ಬಾಯಿ ಕೆರೆಯುತ್ತ ಕೂತಿದ್ದೆ. ಗಾಣದಿಂದ ತಂದ ಕುಸುಬೆ ಎಣ್ಣೆಯನ್ನು ಬಳಸುವವರಾದರೆ ಈ ಕೆಲಸ ನಿಮಗೂ ಗೊತ್ತಿರುತ್ತದೆ. ದಿನಾ ಒಗ್ಗರಣೆಗೆ ಬಗ್ಗಿಸುವಾಗ ಒಂದೊಂದು ಹನಿ ಡಬ್ಬಿಯ ಅಂಚಿಗೆ ಇಳಿದು ನಿಲ್ಲುತ್ತದೆ. ಮೊದಲ ವಾರ ಅದು ಎಣ್ಣೆಯಾಗಿಯೇ ಇರುತ್ತದೆ, ಎರಡನೆಯ ವಾರ ಬೆರಳಿಗೆ ಅಂಟುತ್ತದೆ, ತಿಂಗಳು ಕಳೆಯುವುದರೊಳಗೆ ಜೇನಿನ ಬಣ್ಣದ ಗೋಂದಾಗಿ ಕೂತುಬಿಡುತ್ತದೆ. ಆಮೇಲೆ ಸೋಪಿಗೂ ಜಗ್ಗುವುದಿಲ್ಲ, ಬಿಸಿನೀರಿಗೂ ಜಗ್ಗುವುದಿಲ್ಲ. ಹಳೆಯ ಚಾಕುವಿನ ಬೆನ್ನಿನಿಂದ ಕೆರೆಯಬೇಕು. ಕೆರೆದಾಗ ಸುರುಳಿ ಸುರುಳಿಯಾಗಿ ಏಳುತ್ತದೆ, ಬಹಳ ದಿನ ಮುಚ್ಚಿಟ್ಟ ಮರದ ಕಪಾಟು ತೆರೆದಾಗಿನಂಥ ಒಂದು ವಾಸನೆ ಬರುತ್ತದೆ.

ಈ ವಾಸನೆ ಬಂದಾಗಲೆಲ್ಲ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ, ಸ್ವಲ್ಪ ನಗುವೂ ಬರುತ್ತದೆ. ಐದು ವರ್ಷದ ಹಿಂದೆ ಇದೇ ಗೋಂದು ನನ್ನ ಗಂಡನ ಕೈಯಿಂದ, ಅವರು ಜೀವಮಾನವೆಲ್ಲ ಬಯಸಿದ್ದ ಒಂದು ಕೆಲಸವನ್ನು ಬೇಡವೆನ್ನುವ ಪತ್ರ ಬರೆಸಿತ್ತು. ಗೋಂದು ಬರೆಸಿತು ಎಂದು ಹೇಳಿ ನಾನು ಜಾರಿಕೊಳ್ಳುವುದು ಸರಿಯಲ್ಲ. ಅದನ್ನು ಇರಬಾರದ ಜಾಗಕ್ಕೆ ಹನಿ ಹನಿಯಾಗಿ ಹಾಕಿದವಳು ನಾನು.

ಆಗ ನಾವು ಯಾದಗಿರಿಯಲ್ಲಿದ್ದೆವು, ರೈಲು ಬಂದರೆ ಅಡುಗೆಮನೆಯ ತಾಟುಗಳು ಸಣ್ಣಗೆ ನಡುಗುವಷ್ಟು ಸ್ಟೇಶನ್ನಿಗೆ ಹತ್ತಿರ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ಮನೆಯಲ್ಲಿ ನಾವಿಬ್ಬರೇ. ಇವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಶಾಲೆಗಳಿದ್ದ ಒಂದು ಸಂಸ್ಥೆ ಅದು. ಸುರಪುರ ಇವರ ಹುಟ್ಟೂರು, ಅಲ್ಲಿಯ ಶಾಲೆ ಇವರು ಕಲಿತ ಶಾಲೆ. ಏಳನೆಯ ತರಗತಿಯಲ್ಲಿದ್ದಾಗ ಏನೋ ತುಂಟತನಕ್ಕೆ ಇವರನ್ನು ಹೆಡ್‌ಮಾಸ್ತರ ಕೋಣೆಯ ಹೊರಗೆ ಇಡೀ ಒಂದು ದಿನ ನಿಲ್ಲಿಸಿದ್ದರಂತೆ. ಆ ಕೋಣೆಯ ಕಿಟಕಿಯಿಂದ ಗುಡ್ಡ ಕಾಣುತ್ತದೆ, ಒಳಗೆ ಕುರ್ಚಿಯಲ್ಲಿ ಕೂತು ಆ ಗುಡ್ಡ ನೋಡಬೇಕು ಎಂದು ಅವತ್ತೇ ನಿಶ್ಚಯಿಸಿದರಂತೆ. ಮದುವೆಯಾದ ಹೊಸತರಲ್ಲಿ ನನಗೆ ಹೇಳಿದ ಮೊದಲ ಗುಟ್ಟು ಇದು. ಬೇರೆ ಗಂಡಸರು ಸೈಟು, ಕಾರು ಎನ್ನುವ ವಯಸ್ಸಿನಲ್ಲಿ ಇವರು ಒಂದು ಕುರ್ಚಿ ಮತ್ತು ಒಂದು ಗುಡ್ಡ ಎನ್ನುತ್ತಿದ್ದರು. ನನಗೆ ಅದು ಬಹಳ ಚೆನ್ನಾಗಿ ಕಂಡಿತ್ತು.

ಆ ವರ್ಷ ಬೇಸಿಗೆಯಲ್ಲಿ ಇವರ ಎದೆಯ ಒಂದು ನಾಳ ಕಟ್ಟಿಕೊಂಡಿತು. ಕಲಬುರಗಿಗೆ ಒಯ್ದು ಸ್ಟೆಂಟ್ ಹಾಕಿಸಿದೆವು. ಮಳೆಗಾಲ ಕಳೆದ ಮೇಲೆ ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಬೆಳಗಿನ ಹೊತ್ತು ಆರಾಮಾಗಿ ಸೈಕಲ್ ಹೊಡೆಯಬಹುದು ಎಂದರು. ಈ ಮಾತು ಶಹಾಪುರದಲ್ಲಿದ್ದ ನನ್ನ ಮೈದುನನ ಕಿವಿಗೆ ಬಿತ್ತು. ಹೊಟ್ಟೆ ಕರಗಿಸುವ ಸಲುವಾಗಿ ಅವನು ಒಂದು ಗೇರಿನ ಸೈಕಲ್ ತಂದು, ನಾಲ್ಕು ದಿನ ತುಳಿದು, ಐದನೆಯ ದಿನದಿಂದ ಅದರ ಮೇಲೆ ಅಂಗಿ ಒಣಗಿಸುತ್ತಿದ್ದ. ಗುಡ್ಡ ಹತ್ತುವ ಜಾತಿಯದು, ದಪ್ಪ ಟೈರು, ಅಡ್ಡ ಹ್ಯಾಂಡಲು, ಹಿಂದಿನ ಗಾಲಿಗೆ ಹಲ್ಲಿನ ತಟ್ಟೆಗಳ ಒಂದು ಗೋಪುರ. ಅಣ್ಣನಿಗೇ ಇದು ಸರಿ ಎಂದು ಟೆಂಪೋದಲ್ಲಿ ಹಾಕಿ ತಂದು ನಮ್ಮ ಬಾಗಿಲಿಗೆ ನಿಲ್ಲಿಸಿಹೋದ. ತನ್ನ ಸೋಲನ್ನು ಇಷ್ಟು ಉದಾರವಾಗಿ ದಾನ ಮಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇವರು ಬೆಳಿಗ್ಗೆ ಎದ್ದು ಶಹಾಪುರದ ರಸ್ತೆ ಹಿಡಿದು ಭೀಮಾ ನದಿಯ ಸೇತುವೆಯವರೆಗೆ ಹೋಗಿ ಬರತೊಡಗಿದರು. ನಮ್ಮ ಕಡೆ ಸೇತುವೆಗೆ ಪೂಲು ಎನ್ನುತ್ತೇವೆ. ಪೂಲಿನ ಹತ್ತಿರ ಒಬ್ಬ ಹೆಣ್ಣುಮಗಳು ಬುಟ್ಟಿಯಲ್ಲಿ ಪೇರಲ ಹಣ್ಣು ಮಾರುತ್ತಾಳೆ, ತೊಟ್ಟಿಗೆ ಒಂದೆರಡು ಎಲೆ ಇದ್ದಂತೆಯೇ ಕೊಡುತ್ತಾಳೆ. ಎಲೆಸಹಿತ ಎರಡು ಪೇರಲ ಹಿಡಿದು ಬೆವರಿ ಬಂದು ಇವರು ಕಟ್ಟೆಯ ಮೇಲೆ ಕೂತರೆ ಮುಖದಲ್ಲಿ ಹಳೆಯ ಕಳೆ ಕಾಣುತ್ತಿತ್ತು.

ನನಗೆ ಆ ಸೈಕಲ್ಲಿನಲ್ಲಿ ಒಂದೇ ಒಂದು ಸಂಗತಿ ಸರಿಬರಲಿಲ್ಲ, ಅದರ ಸದ್ದು. ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಬಿಟ್ಟರೆ ಹಿಂದಿನ ಗಾಲಿ ಟಿಕ್ ಟಿಕ್ ಟಿಕ್ ಎಂದು ಓಣಿಯ ತುದಿಯಿಂದ ಮನೆಯ ಬಾಗಿಲಿನವರೆಗೆ ವಟಗುಟ್ಟುತ್ತ ಬರುತ್ತಿತ್ತು. ನಾನು ಹತ್ತು ವರ್ಷ ಕಲಬುರಗಿಯ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿಯ ಸಿಸ್ಟರುಗಳಿಗೆ ಸದ್ದು ಎಂದರೆ ಆಗುತ್ತಿರಲಿಲ್ಲ. ಕುರ್ಚಿ ಎತ್ತಿ ಇಡಬೇಕು, ಎಳೆಯಬಾರದು. ಬಾಗಿಲು ಕಿರುಗುಟ್ಟಿದರೆ ಅದು ಆ ಕೋಣೆಯ ಹುಡುಗಿಯರ ಸೋಮಾರಿತನ. ಇತ್ತ ಕೆಂಭಾವಿಯ ನನ್ನ ತವರಿನಲ್ಲಿ ಅವ್ವನ ಬಳಿ ಎಲ್ಲ ಸದ್ದಿಗೂ ಒಂದೇ ಔಷಧ ಇತ್ತು. ಜೋಳದ ದಂಟಿನ ಒಂದು ಸಿಬರನ್ನು ಕುಸುಬೆ ಎಣ್ಣೆಯಲ್ಲಿ ಅದ್ದಿ, ಬಾಗಿಲಿನ ಕೀಲಿಗೆ, ತೂಗುಮಣೆಯ ಸರಪಳಿಗೆ, ಹೊಲಿಗೆ ಯಂತ್ರಕ್ಕೆ ಹನಿ ಬಿಡುವುದು. ನಮ್ಮ ಭಾಗದಲ್ಲಿ ಮನೆಯಲ್ಲಿ ಇರುವ ಎಣ್ಣೆ ಅದೊಂದೇ. ರೊಟ್ಟಿಯ ಜೊತೆಯ ಚಟ್ನಿಪುಡಿಗೂ ಅದೇ, ಮೊಣಕಾಲಿಗೂ ಅದೇ. ಹೀಗೆ ಕಾನ್ವೆಂಟಿನ ಕಿವಿ ಮತ್ತು ಕೆಂಭಾವಿಯ ಕೈ ಎರಡೂ ನನ್ನಲ್ಲಿ ಕೂಡಿಕೊಂಡವು.

ಮಹಾನವಮಿಗೆ ಸೈಕಲ್ಲನ್ನು ಪೈಪು ಹಿಡಿದು ತೊಳೆದೆ, ವಿಭೂತಿ ಹಚ್ಚಿ ಚೆಂಡುಹೂ ಏರಿಸಿದೆ, ಆಮೇಲೆ ಮಗ್ಗುಲಿಗೆ ಮಲಗಿಸಿ, ಹಲ್ಲಿನ ತಟ್ಟೆಗಳ ಹಿಂದೆ ಕಾಣುವ ಸಣ್ಣ ಸಂದಿಗೆ ಹದಿನೈದು ಇಪ್ಪತ್ತು ಹನಿ ಬಿಟ್ಟೆ. ಸದ್ದು ಸ್ವಲ್ಪ ತಗ್ಗಿತು. ಖುಷಿಯಾಯಿತು. ಶುಕ್ರವಾರ ದೇವರ ಜಗಲಿಯ ಸಾಮಾನು ತಿಕ್ಕುವ ದಿನ. ಆ ಕೆಲಸದ ಬೆನ್ನಿಗೇ ಇದನ್ನೂ ಸೇರಿಸಿಕೊಂಡೆ. ಇವರು ಶಾಲೆಗೆ ಹೋದ ಮೇಲೆ ಸೈಕಲ್ ಮಲಗಿಸುವುದು, ಆಚೆ ಮಗ್ಗುಲು ಹನಿ, ಈಚೆ ಮಗ್ಗುಲು ಹನಿ, ಮತ್ತೆ ನಿಲ್ಲಿಸಿ ಬಟ್ಟೆಯಿಂದ ಒರೆಸುವುದು. ಒಂದೂವರೆ ತಿಂಗಳಿಗೆ ಸದ್ದು ಪೂರ್ತಿ ಅಡಗಿತು. ಗಾಡಿ ಈಗ ಪಳಗಿದೆ ಎಂದು ಇವರೇ ಒಂದು ದಿನ ಮೆಚ್ಚಿದರು. ಸೇವೆ ಮಾಡಿ ಸುಮ್ಮನಿರುವುದರಲ್ಲಿ ಒಂದು ಬಗೆಯ ಜಂಬ ಇರುತ್ತದೆ ನೋಡಿ, ಅದು ನನಗೆ ಚೆನ್ನಾಗಿ ಅಭ್ಯಾಸ.

ಚಳಿ ಬಿದ್ದಂತೆ ಇವರು ಬರುವುದು ತಡವಾಗತೊಡಗಿತು. ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು. ಕೂತಲ್ಲಿ ಮೊಣಕಾಲ ಮೇಲೆ ಕೈ ಊರಿ ತಲೆ ತಗ್ಗಿಸಿಕೊಂಡಿರುತ್ತಿದ್ದರು, ಕೇಳಿದರೆ ಗಾಳಿ ಎದುರಿತ್ತು ಎನ್ನುತ್ತಿದ್ದರು. ಪೇರಲ ತರುವುದು ಮಾತ್ರ ತಪ್ಪಲಿಲ್ಲ. ಆದರೆ ಆ ಪೇರಲಕ್ಕೆ ಈಗ ಎಲೆ ಇರುತ್ತಿರಲಿಲ್ಲ, ಮೇಲೆ ಹಳೆಯ ಪೇಪರಿನ ಸುತ್ತು ಬೇರೆ. ಸ್ಟೇಶನ್ ರಸ್ತೆಯ ಗಾಡಿಯವನು ಹಾಗೆ ಕಟ್ಟಿಕೊಡುತ್ತಾನೆ. ಪೂಲಿನವರೆಗೆ ಹೋಗಲಾಗದೆ ನಡುವೆಯೇ ತಿರುಗಿ, ನನಗೆ ಗೊತ್ತಾಗಬಾರದೆಂದು ಸ್ಟೇಶನ್ ರಸ್ತೆಯಲ್ಲಿ ಹಣ್ಣು ಕೊಂಡು ಬರುತ್ತಿದ್ದಾರೆ ಎಂದು ನನಗೆ ತಿಳಿಯಿತು. ತಿಳಿದದ್ದನ್ನು ಹೇಳಲಿಲ್ಲ. ಪೇಪರು ಬಿಚ್ಚಿ, ಹಣ್ಣು ಹೆಚ್ಚಿ, ಉಪ್ಪುಖಾರ ಹಚ್ಚಿ ಇಬ್ಬರೂ ತಿಂದೆವು. ರಾತ್ರಿ ಊಟಕ್ಕೆ ಮೂರು ರೊಟ್ಟಿಯ ಬದಲು ಎರಡು ಸಾಕು ಎನ್ನತೊಡಗಿದ್ದನ್ನೂ ನೋಡಿದೆ, ಚಿಂತೆಗೆ ಹಸಿವು ಕಡಿಮೆಯಾಗಿದೆ ಎಂದುಕೊಂಡೆ.

ನಾನು ಒತ್ತಾಯ ಮಾಡಿ ಕಲಬುರಗಿಗೆ ಕಳಿಸಿದೆ. ಎಲ್ಲ ಪರೀಕ್ಷೆ ಮಾಡಿ, ಎದೆ ಚೆನ್ನಾಗಿದೆ ಎಂದು ಬರೆದುಕೊಟ್ಟರು. ಆ ಕಾಗದವನ್ನು ಇವರು ಎರಡು ಸಲ ಓದಿ ಮಡಿಸಿ ಇಟ್ಟು, "ಕಾಗದ ಏನರ ಹೇಳಲಿ, ಕಾಲು ಹೇಳಾಕತ್ತಾವಲ್ಲ," ಎಂದರು.

ಜನವರಿಯ ಕೊನೆಗೆ ಸಂಸ್ಥೆಯಿಂದ ಪತ್ರ ಬಂತು. ಸುರಪುರದ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಹೋಗಲು ಒಪ್ಪಿಗೆ ಇದೆಯೇ, ಸೋಮವಾರದೊಳಗೆ ತಿಳಿಸಬೇಕು. ನಾನು ಸಕ್ಕರೆ ಡಬ್ಬಿ ತೆರೆಯಲು ಹೋದೆ. ಇವರು ಪತ್ರವನ್ನು ಇತಿಹಾಸದ ಪುಸ್ತಕದೊಳಗೆ ಇಟ್ಟು ಸ್ನಾನಕ್ಕೆ ಹೋದರು. ಎರಡು ದಿನ ಅದರ ಮಾತೇ ಇಲ್ಲ. ಶುಕ್ರವಾರ ಸಂಜೆ ನನ್ನ ಮುಂದೆ ಒಂದು ಹಾಳೆ ಇಟ್ಟರು. ನನ್ನ ಅಕ್ಷರ ದುಂಡಗೆ ಇವೆಯೆಂದು ಇವರ ಕಚೇರಿಯ ಪತ್ರಗಳನ್ನೆಲ್ಲ ಚೊಕ್ಕವಾಗಿ ನಕಲು ಮಾಡಿಕೊಡುವ ಕೆಲಸ ಮೊದಲಿಂದಲೂ ನನ್ನದೇ. ಕಾನ್ವೆಂಟಿನಿಂದ ಈ ಮನೆಗೆ ಸಿಕ್ಕ ಲಾಭ ಅದೊಂದೇ ಎಂದು ಚೇಷ್ಟೆ ಮಾಡುತ್ತಿದ್ದರು. ಅವತ್ತು ಚೇಷ್ಟೆ ಮಾಡಲಿಲ್ಲ. ಅನಾರೋಗ್ಯದ ನಿಮಿತ್ತ ಹುದ್ದೆಯನ್ನು ಒಪ್ಪಿಕೊಳ್ಳಲಾಗುತ್ತಿಲ್ಲ, ದಯವಿಟ್ಟು ಮನ್ನಿಸಬೇಕು ಎಂದು ಬರೆದಿದ್ದರು.

"ಸುರಪುರ ಅಂದ್ರ ಎಲ್ಲಾ ಏರು," ಎಂದರು, ನಾನು ಕೇಳದೆಯೇ. "ಪೂಲಿನ ತನಕ ಸಪಾಟ ದಾರಿ ತುಳಿಯಾಕ ಆಗವಲ್ದು. ನಾಳೆ ಹುಡುಗರ ಮುಂದ ಕುಸಿದು ಕೂತ್ರ ಹೆಂಗ? ನಾಳಿ ಮಧ್ಯಾಹ್ನದೊಳಗ ಬರದಿಡು."

ಅಂದು ಮೊದಲ ಸಲ ನನಗೆ ಒಂದು ಸಾಲನ್ನೂ ಬರೆಯಲಾಗಲಿಲ್ಲ.

ಶನಿವಾರ ಇವರಿಗೆ ಬೆಳಗಿನ ಶಾಲೆ. ಅವತ್ತು ಸೈಕಲ್ ತುಳಿಯಲು ಹೋಗದೆ, ಯಾರದೋ ಬೈಕಿನ ಹಿಂದೆ ಕೂತು ಶಾಲೆಗೆ ಹೋದರು. ನಾನು ಕಟ್ಟೆ ತೊಳೆಯಲೆಂದು ಸೈಕಲ್ಲನ್ನು ಪಕ್ಕಕ್ಕೆ ನೂಕಿದೆ. ಪೆಡಲು ಬಂದು ನನ್ನ ಕಾಲಿನ ಹರಡಿಗೆ ಬಡಿಯಿತು. ಕಾಲು ಉಜ್ಜಿಕೊಂಡು ಮತ್ತೆ ನೂಕಿದೆ, ಮತ್ತೆ ಬಡಿಯಿತು. ಆಗ ನಿಂತು ನೋಡಿದೆ. ಯಾರೂ ತುಳಿಯದಿದ್ದರೂ ಗಾಲಿಯ ಜೊತೆಗೆ ಪೆಡಲೂ ತಿರುಗುತ್ತಿತ್ತು. ಮೊದಲು ಹೀಗಿರಲಿಲ್ಲ, ನೂಕಿದರೆ ಪೆಡಲು ಸುಮ್ಮನಿರುತ್ತಿತ್ತು. ಇನ್ನೊಂದು, ನಮ್ಮ ಗೇಟಿನ ಮುಂದೆ ಸಣ್ಣ ಇಳಿಜಾರು ಇತ್ತು. ಶುರುವಿನಲ್ಲಿ ಅಲ್ಲಿ ಸೈಕಲ್ಲಿನ ಬ್ರೇಕ್ ಹಿಡಿಯದಿದ್ದರೆ ತಾನೇ ಓಣಿಗೆ ಓಡುತ್ತಿತ್ತು. ಈಗ ಅಲ್ಲಿಗೆ ತಂದು ಕೈ ಬಿಟ್ಟೆ. ಕಟ್ಟಿಹಾಕಿದ ಎಮ್ಮೆಯ ಹಾಗೆ ನಿಂತಿತು.

ಕಟ್ಟೆ ತೊಳೆಯುವುದನ್ನು ಅಲ್ಲಿಗೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಸೈಕಲ್ ನೂಕುತ್ತ ಮೌಲಾಲಿಯವರ ಅಂಗಡಿಗೆ ನಡೆದೆ. ದಾರಿಯುದ್ದಕ್ಕೂ ಪೆಡಲಿನಿಂದ ಏಟು ತಿಂದೆ. ಮೌಲಾಲಿ ಬೇವಿನ ಮರದ ಕೆಳಗೆ ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿದ್ದವರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ನಮ್ಮ ಕನ್ನಡ. ಸೈಕಲ್ಲಿನ ಕಷ್ಟ ಕೇಳಿಕೊಂಡು, ಅದನ್ನು ಕೊಂಬೆಯಿಂದ ಇಳಿಬಿಟ್ಟ ಸರಪಳಿಗೆ ತೂಗುಹಾಕಿದರು.

ಮೊದಲು ಮುಂದಿನ ಗಾಲಿಗೆ ಬೆರಳಿನಿಂದ ಒಂದು ಪೆಟ್ಟು ಕೊಟ್ಟರು. ಅವರು ಅರ್ಧ ಕಪ್ ಚಹಾ ಕುಡಿಯುವ ತನಕ ಅದು ತಿರುಗುತ್ತಲೇ ಇತ್ತು. ಆಮೇಲೆ ಹಿಂದಿನ ಗಾಲಿಗೆ ಕೊಟ್ಟರು. ಎರಡು ಸುತ್ತು ಬಂದು, ಮೂರನೆಯದಕ್ಕೆ ಯೋಚನೆ ಮಾಡಿ, ನಿಂತಿತು. ಬ್ರೇಕ್ ಹಿಡಿದಿರಬೇಕು ಎಂದು ನಾನು ತಿಳಿದವಳ ಹಾಗೆ ಹೇಳಿದೆ. ಒಬ್ಬೊಬ್ಬರನ್ನೇ ವಿಚಾರಣೆ ಮಾಡೋಣ ಎಂದು ಮೌಲಾಲಿ ಬ್ರೇಕಿನ ತಂತಿ ಸಡಿಲಿಸಿ, ರಬ್ಬರು ಗಾಲಿಗೆ ತಾಗದಂತೆ ಮಾಡಿ ಮತ್ತೆ ತಿರುಗಿಸಿದರು. ಅದೇ ಎರಡು ಸುತ್ತು. "ಬ್ರೇಕ್ ಖುಲಾಸೆ," ಎಂದರು. ಚೈನನ್ನು ಹಲ್ಲಿನಿಂದ ಬಿಡಿಸಿ ಪಕ್ಕಕ್ಕೆ ಇಳಿಬಿಟ್ಟು ತಿರುಗಿಸಿದರು. ಒಂದು ಸುತ್ತು ಹೆಚ್ಚು ಬಂತು, ಅಷ್ಟೇ. ಚೈನೂ ಖುಲಾಸೆ. ಕಡೆಗೆ ಗಾಲಿಯನ್ನೇ ಬಿಚ್ಚಿ ಕೆಳಗಿಳಿಸಿ, ನಡುವಿನ ಕಂಬಿಯ ಎರಡು ತುದಿ ನನ್ನ ಕೈಗೆ ಕೊಟ್ಟರು. ಕಣ್ಣು ಮುಚ್ಚಿ ಹಿಡಿದುಕೊಳ್ಳಿ, ನಾನು ತಿರುಗಿಸುತ್ತೇನೆ, ಬೆರಳಿಗೆ ಏನು ಹತ್ತುತ್ತದೆ ಹೇಳಿ ಎಂದರು.

ಕಣ್ಣು ಮುಚ್ಚಿದೆ. ಅಕ್ಕಿಯಲ್ಲಿ ಬೆರಳಾಡಿಸುವಾಗ ನೊರಜುಕಲ್ಲು ಸಿಗುತ್ತದಲ್ಲ, ಹಾಗೆ ಒಳಗೆ ಏನೋ ಕರಕರ ಎನ್ನುತ್ತಿತ್ತು. ನಡುನಡುವೆ ಪಾಕ ಹಿಡಿದ ಬಾಣಲೆಯಲ್ಲಿ ಸೌಟು ಸಿಕ್ಕಿಕೊಂಡಂತೆ ಒಂದು ಜಗ್ಗಾಟ. ಹಾಗೆಯೇ ಹೇಳಿದೆ. ಮೌಲಾಲಿ ತಲೆಯಾಡಿಸಿದರು. ಆಮೇಲೆ ಹಲ್ಲಿನ ತಟ್ಟೆಗಳನ್ನು ಹಿಂದಕ್ಕೆ ತಿರುಗಿಸಿ ತೋರಿಸಿದರು. ತಟ್ಟೆ ಒಂದೇ ತಿರುಗಬೇಕು, ಗಾಲಿ ನಿಂತಿರಬೇಕು. ಇಲ್ಲಿ ಎರಡೂ ಕೂಡಿ ತಿರುಗಿದವು.

"ಇವು ಬ್ಯಾರೆ ಬ್ಯಾರೆ ಇರಬೇಕಾದವು ಅಕ್ಕಾರ. ಇಲ್ಲಿ ಲಗ್ನ ಆಗಿ ಕೂತಾವ."

ತಟ್ಟೆಯ ಒಳಗೆ ಎರಡು ಸಣ್ಣ ಉಕ್ಕಿನ ನಾಲಗೆ ಇರುತ್ತವಂತೆ. ಅವಕ್ಕೆ ಅವರ ಕಸುಬಿನಲ್ಲಿ ಕುತ್ತಾ ಎನ್ನುತ್ತಾರಂತೆ, ಅಂದರೆ ನಾಯಿ. ತುಳಿದಾಗ ಅವು ಕಚ್ಚಿ ಹಿಡಿಯುತ್ತವೆ, ತುಳಿಯುವುದು ನಿಲ್ಲಿಸಿದರೆ ಬಿಟ್ಟು ಬೊಗಳುತ್ತವೆ. ಟಿಕ್ ಟಿಕ್ ಎನ್ನುವುದು ಆ ಬೊಗಳಾಟ, ಅದು ಇದ್ದರೇ ಗಾಲಿ ಆರೋಗ್ಯವಾಗಿದೆ ಎಂದು ತಿಳಿಯಬೇಕು. ಇಷ್ಟು ಹೇಳಿ ಬಿಚ್ಚಿದರು. ಒಳಗೆ ಜೇನಿನ ಬಣ್ಣದ ಗೋಂದು, ಅದರಲ್ಲಿ ಶಹಾಪುರ ರಸ್ತೆಯ ಕರಿಮಣ್ಣಿನ ಧೂಳು ಕಲಸಿ ಹುಗ್ಗಿಯಂತಾಗಿತ್ತು. ಎರಡೂ ನಾಯಿಗಳು ಅದರಲ್ಲಿ ಹೂತು ಮಲಗಿದ್ದವು. ಗಾಲಿಯನ್ನು ಹಗುರಾಗಿ ತಿರುಗಿಸುವ ಉಕ್ಕಿನ ಗುಂಡುಗಳೂ ಅದರಲ್ಲೇ ಸಿಕ್ಕಿಕೊಂಡಿದ್ದವು. ಮೌಲಾಲಿ ಬೆರಳಿಗೆ ಹಚ್ಚಿ ಮೂಸಿ ನೋಡಿದರು.

"ಕುಸುಬಿ," ಎಂದರು. "ಯಾರ ಹಾಕ್ಯಾರ್ರಿ ಇದನ್ನ?"

ನಾನು ಬೇವಿನ ಮರ ನೋಡಿದೆ. ಗೊತ್ತಿಲ್ಲ ಎಂದೆ. ಹತ್ತು ವರ್ಷದ ಕಾನ್ವೆಂಟು ಒಂದೇ ಮಾತಿನಲ್ಲಿ ನೀರಿಗೆ ಬಿತ್ತು.

ಅವರು ಮತ್ತೆ ಕೇಳಲಿಲ್ಲ. ಹಾಕಿದವರು ಬಹಳ ಪ್ರೀತಿಯಿಂದ ಹಾಕಿದ್ದಾರೆ, ಇಷ್ಟು ಎಣ್ಣೆಯಲ್ಲಿ ನಾಲ್ಕು ಮಂದಿಗೆ ಭಜಿ ಕರಿಯಬಹುದಿತ್ತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಕೆರೆಯತೊಡಗಿದರು. ಕುಸುಬೆ ಎಣ್ಣೆ ಗಾಳಿಗೆ ಒಣಗಿ ಗೋಂದಾಗುತ್ತದೆ, ಇದು ಎಲ್ಲ ಹೆಂಗಸರಿಗೂ ಗೊತ್ತಿರುತ್ತದಲ್ಲ ಎಂದರು. ಗೊತ್ತಿತ್ತು. ತಿಂಗಳಿಗೊಮ್ಮೆ ಡಬ್ಬಿಯ ಬಾಯಿಂದ ಅದನ್ನು ಕೆರೆಯುತ್ತಿದ್ದವಳು ನಾನೇ. ಅದೇ ಎಣ್ಣೆ ಗಾಲಿಯೊಳಗೆ ಹೋದರೆ ಬೇರೆ ಸ್ವಭಾವ ಕಲಿಯುತ್ತದೆ ಎಂದು ಯಾಕೆ ನಂಬಿದ್ದೆನೋ. ಆಮೇಲೆ ಮೌಲಾಲಿ ತಲೆ ಎತ್ತಿ, ಮಾಸ್ತರು ಇದನ್ನು ಎಲ್ಲಿಯವರೆಗೆ ತುಳಿಯುತ್ತಿದ್ದರು ಎಂದು ಕೇಳಿದರು. ಮೊದಲು ಪೂಲಿನ ತನಕ, ಈಗ ಅರ್ಧ ದಾರಿ ಎಂದೆ.

ಅವರು ಕೈಯಲ್ಲಿದ್ದ ಸ್ಪಾನರು ಕೆಳಗಿಟ್ಟರು. "ಈ ಗಾಲಿ ಹಾಕ್ಕೊಂಡು ಅರ್ಧ ದಾರಿ? ಅಕ್ಕಾರ, ನನ್ನ ಕೈಲೆ ಈ ಚೌಕ ದಾಟಾಕ ಆಗೂದಿಲ್ಲ. ಮಾಸ್ತರ ಕಾಲು ಭಾಳ ಗಟ್ಟಿ ಅದಾವ ಬಿಡ್ರಿ."

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಕಣ್ಣು ತುಂಬಿ ಬಂತು. ಕಾನ್ವೆಂಟಿನಲ್ಲಿ ಶನಿವಾರ ಕ್ರಿಶ್ಚಿಯನ್ ಹುಡುಗಿಯರು ಪಾಪನಿವೇದನೆಗೆ ಸಾಲಾಗಿ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದರು. ಉಳಿದ ನಮ್ಮನ್ನು ಲೈಬ್ರರಿಯಲ್ಲಿ ಕೂರಿಸುತ್ತಿದ್ದರು. ಅವರು ತಿರುಗಿ ಬರುವಾಗ ಮುಖ ತೊಳೆದುಕೊಂಡಂತೆ ಹಗುರಾಗಿರುತ್ತಿದ್ದರು, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ಅವಕಾಶ ನನಗೆ ಸಿಕ್ಕದ್ದು ಯಾದಗಿರಿಯ ಬೇವಿನ ಮರದ ಕೆಳಗೆ. ನಾನೇ ಹಾಕಿದ್ದು ಎಂದೆ. ಮೌಲಾಲಿ ಅಚ್ಚರಿಪಡಲಿಲ್ಲ. ಮನೆಯಲ್ಲಿ ಹೊಲಿಗೆ ಯಂತ್ರ ಇದೆಯೇ ಎಂದರು. ಇದೆ ಎಂದೆ. ಅದಕ್ಕೂ ಇದೇ ಎಣ್ಣೆಯೇ ಎಂದರು. ಹೌದು ಎಂದೆ. ಅದೂ ಬಿಗಿಯಾಗಿದೆಯೇ ಎಂದರು. ಅದಕ್ಕೆ ವಯಸ್ಸಾಗಿದೆ ಎಂದುಕೊಂಡಿದ್ದೆ ಎಂದೆ. ಅವರು ನಗುವುದಕ್ಕೆ ಶುರು ಮಾಡಿದವರು ಗಾಲಿ ಬಿಟ್ಟು ಮರಕ್ಕೆ ಒರಗಿ ನಿಂತು ನಕ್ಕರು.

ಪೆಟ್ರೋಲಿನಲ್ಲಿ ತೊಳೆದು, ಹೊಸ ಗುಂಡು ಹಾಕಿ, ಗುಂಡುಗಳಿಗೆ ಗ್ರೀಸು, ನಾಯಿಗಳಿಗೆ ಮಷೀನಿನ ತೆಳು ಎಣ್ಣೆಯ ಎರಡೇ ಹನಿ ಬಿಟ್ಟು ಜೋಡಿಸಿ ಕೊಟ್ಟರು. ಮನೆಗೆ ನೂಕಿಕೊಂಡು ಬರುವಾಗ ಸೈಕಲ್ಲು ದಾರಿಯುದ್ದಕ್ಕೂ ಟಿಕ್ ಟಿಕ್ ಎಂದಿತು.

ಇವರು ಮಧ್ಯಾಹ್ನ ಬಂದು ಕೈಕಾಲು ತೊಳೆದು, "ಬರದ್ಯಾ?" ಎಂದರು. ಇಲ್ಲ ಎಂದೆ. ಯಾಕೆ ಎಂದು ಕೇಳುವ ಮೊದಲೇ ಎಲ್ಲವನ್ನೂ ಹೇಳಿದೆ, ಮಹಾನವಮಿಯಿಂದ ಹಿಡಿದು ಮೌಲಾಲಿಯ ನಗುವಿನವರೆಗೆ. ಇವರು ಕೇಳುತ್ತ ಒದ್ದೆ ಕೈ ಒರೆಸಿಕೊಂಡರು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟರು.

"ನೀ ಭಾಳ ಒಳ್ಳ್ಯಾಕಿ. ನನಗ ಸಮಾಧಾನ ಆಗಲೆಂತ ತಪ್ಪ ನಿನ್ನ ಮೈಮ್ಯಾಲ ಹಾಕ್ಕೊಳ್ಳಾಕತ್ತಿ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಇಪ್ಪತ್ತೆರಡು ವರ್ಷ ಒಳ್ಳೆಯವಳಾಗಿದ್ದದ್ದರ ಫಲ, ನಿಜ ಹೇಳಿದರೂ ಅದು ಒಳ್ಳೆಯತನದ ಹಾಗೆ ಕೇಳಿಸಿತು. ಪೆನ್ನನ್ನು ತಂದು ನನ್ನ ಕೈಯಲ್ಲಿ ಇಡಲು ಬಂದರು. ಮದುವೆಯಾದ ಮೇಲೆ ಮೊದಲ ಸಲ ಇವರ ಎದುರು ನನ್ನ ದನಿ ಏರಿತು.

"ಒಳ್ಳ್ಯಾಕಿ ಅಲ್ರಿ ನಾನು. ಮೂರೂವರಿ ತಿಂಗಳು ಶುಕ್ರವಾರಕ್ಕೊಮ್ಮೆ ತಪ್ಪದ ಹಾಕೇನಿ."

"ಶುಕ್ರವಾರ?" ಎಂದರು.

ಪೆನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ, ಮೇಜಿನ ಒಳಗಿನಿಂದ ಒಂದು ಸಣ್ಣ ಡೈರಿ ತಂದರು. ದಿನಾ ಎಷ್ಟು ದೂರ ತುಳಿದೆ, ಹೇಗಿತ್ತು ಎಂದು ಬರೆದಿಡುತ್ತಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. ಇಬ್ಬರೂ ಕೂಡಿ ಓದಿದೆವು. ಶನಿವಾರ, ಸ್ವಲ್ಪ ಹಗುರ. ಸೋಮವಾರ, ಪರವಾಗಿಲ್ಲ. ಬುಧವಾರ, ಭಾರ. ಗುರುವಾರ, ಇಳಿದು ನೂಕಿದೆ. ಮುಂದಿನ ಶನಿವಾರ, ಮತ್ತೆ ಹಗುರ. ವಾರ ವಾರಕ್ಕೂ ಎಲ್ಲವೂ ಒಂದು ಮೆಟ್ಟಿಲು ಕೆಳಗೆ, ಆದರೆ ಶನಿವಾರ ಮಾತ್ರ ಎದ್ದು ನಿಲ್ಲುತ್ತಿತ್ತು. ಶುಕ್ರವಾರದ ಹೊಸ ಎಣ್ಣೆ ಹಳೆಯ ಗೋಂದನ್ನು ಒಂದು ದಿನದ ಮಟ್ಟಿಗೆ ಸಡಿಲಿಸುತ್ತಿತ್ತು, ಆಮೇಲೆ ತಾನೂ ಗೋಂದಾಗುತ್ತಿತ್ತು. ಇವರಿಗೆ ಶುಕ್ರವಾರ ಒಪ್ಪತ್ತಿನ ಉಪವಾಸ. ಊಟ ಬಿಟ್ಟದ್ದಕ್ಕೇ ಮರುದಿನ ಮೈ ಹಗುರಾಗುತ್ತದೆ ಎಂದು ತಿಳಿದು, ಉಳಿದ ದಿನವೂ ರೊಟ್ಟಿ ಕಡಿಮೆ ಮಾಡಿದ್ದರಂತೆ.

ಇತಿಹಾಸ ಕಲಿಸುವವರಿಗೆ ಕಣ್ಣೀರಿಗಿಂತ ತಾರೀಖು ಹೆಚ್ಚು. ಎರಡು ದಾಖಲೆ ಒಂದೇ ಮಾತು ಹೇಳಿದ ಮೇಲೆ ಇವರಿಗೆ ಸಂದೇಹ ಉಳಿಯಲಿಲ್ಲ. ಡೈರಿ ಮುಚ್ಚಿ, "ನಾ ಇದನ್ನ ಶಿವನ ದಯಾ ಅಂದ್ಕೊಂಡಿದ್ದೆ," ಎಂದರು. ಅಡುಗೆಮನೆಯ ಎಣ್ಣೆ ಡಬ್ಬಿಯ ಕಡೆ ಕೈ ತೋರಿಸಿ, "ನಿನ್ನ ಎಣ್ಣಿ ದಯಾ," ಎಂದರು. ನಾವು ನಕ್ಕದ್ದು ಎಷ್ಟೆಂದರೆ ಸಾರು ತಣ್ಣಗಾಯಿತು. ಪೇರಲದ ವಿಷಯವನ್ನು ಆಗ ತಾವೇ ಒಪ್ಪಿಕೊಂಡರು. ನನಗೆ ಮೊದಲೇ ಗೊತ್ತಿತ್ತು, ಎಲೆ ಇರಲಿಲ್ಲವಲ್ಲ ಎಂದೆ. ಇಷ್ಟು ದಿನ ಎಲೆ ಎಣಿಸಿ ಸುಮ್ಮನಿದ್ದೆಯಾ ಎಂದು ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದರು.

ಭಾನುವಾರ ಬೆಳಿಗ್ಗೆ ಸೈಕಲ್ ಏರಿ ಹೊರಟರು. ಎಂದಿನ ಹೊತ್ತಿಗೆ ಬರಲಿಲ್ಲ. ನಾನು ಮೂರು ಸಲ ಗೇಟಿಗೆ ಹೋಗಿ ಬಂದೆ. ನನ್ನ ಲೆಕ್ಕ ತಪ್ಪಾಗಿದ್ದರೆ, ಗಾಲಿಯ ದೋಷದ ಜೊತೆಗೆ ಎದೆಯ ದೋಷವೂ ಇದ್ದಿದ್ದರೆ, ನಾನೇ ಇವರನ್ನು ಕಳಿಸಿದಂತಾಯಿತಲ್ಲ ಎಂದು ಹೆದರಿದೆ. ಫೋನು ಮಾಡಿದರೆ ಅದು ಒಳಗಿನ ಕೋಣೆಯಲ್ಲೇ ಬಡಿದುಕೊಂಡಿತು. ಬಿಸಿಲು ಕಟ್ಟೆಗೆ ಬಂದ ಮೇಲೆ ಓಣಿಯ ತಿರುವಿನಲ್ಲಿ ಕಂಡರು. ಕೈಯಲ್ಲಿ ಪೇರಲ ಇರಲಿಲ್ಲ. ಪೂಲು ದಾಟಿ ಎಷ್ಟೋ ಮುಂದೆ ಹೋಗಿದ್ದೆ, ತಿರುಗಿ ಬರುವ ಹೊತ್ತಿಗೆ ಆ ಹೆಣ್ಣುಮಗಳು ಬುಟ್ಟಿ ಎತ್ತಿಕೊಂಡು ಹೋಗಿದ್ದಳು ಎಂದರು. ಬೆವರಿದ್ದರು, ಉಸಿರು ಮಾತ್ರ ನಿರಾಳವಾಗಿತ್ತು. ಅಂಗಿ ಬದಲಿಸುವ ಮೊದಲೇ ಮೇಜಿನ ಮೇಲಿದ್ದ ಹಾಳೆ ತೆಗೆದುಕೊಂಡರು. ಹಾಳೆ ಹಾಳು ಮಾಡದ ಮಾಸ್ತರ ಬುದ್ಧಿ, ಹರಿಯಲಿಲ್ಲ. ಅದರ ಬೆನ್ನಿಗೇ ಒಪ್ಪಿಗೆಯ ನಾಲ್ಕು ಸಾಲು ಬರೆದು ನನ್ನ ಮುಂದೆ ಇಟ್ಟರು. ಅಷ್ಟು ದುಂಡಗಿನ ಅಕ್ಷರ ನಾನು ಪರೀಕ್ಷೆಯಲ್ಲೂ ಬರೆದಿರಲಿಲ್ಲ.

ಈಗ ಸುರಪುರದಲ್ಲಿದ್ದೇವೆ. ಕಿಟಕಿಯಿಂದ ಗುಡ್ಡ ಕಾಣುತ್ತದೆ, ಆದರೆ ಕುರ್ಚಿಯನ್ನು ಸ್ವಲ್ಪ ಎಡಕ್ಕೆ ಸರಿಸಬೇಕು ಎಂದು ಇವರು ಮೊದಲ ದಿನವೇ ಬಂದು ವರದಿ ಕೊಟ್ಟರು. ಶಾಲೆಗೆ ಅದೇ ಸೈಕಲ್ಲಿನಲ್ಲಿ ಹೋಗುತ್ತಾರೆ. ಅದರ ಗಾಲಿಯನ್ನು ನಾನು ಮುಟ್ಟುವುದಿಲ್ಲ.

ಡಬ್ಬಿಯ ಬಾಯಿ ಕೆರೆದು ತೊಳೆದು ಬೋರಲು ಹಾಕುವ ಹೊತ್ತಿಗೆ ಇವತ್ತು ಇವರು ಶನಿವಾರದ ಬೆಳಗಿನ ಶಾಲೆ ಮುಗಿಸಿ ಬಂದರು. ಚಪ್ಪಲಿ ಬಿಡುತ್ತಲೇ, ಏರಿನಲ್ಲಿ ಇಳಿದು ನೂಕಿಕೊಂಡು ಬಂದೆ ಎಂದು ತಾವೇ ಹೇಳಿದರು. ಹಿಂದೆಯಾದರೆ ಹೇಳುತ್ತಿರಲಿಲ್ಲ, ನಾನು ಅಂಗಿಯ ಬೆವರು ನೋಡಿ ಊಹಿಸಬೇಕಾಗಿತ್ತು. ದಮ್ಮೋ ಬಿಸಿಲೋ ಎಂದು ಕೇಳಿದೆ. ಬಿಸಿಲು, ದಮ್ಮಾಗಿದ್ದರೆ ದಮ್ಮು ಎಂದೇ ಹೇಳುತ್ತಿದ್ದೆ ಎಂದರು. ನಂಬಿದೆ. ಮುಖದಲ್ಲಿ ಸುಳ್ಳು ಹುಡುಕಲು ಹೋಗಲಿಲ್ಲ, ಹೊರಗೆ ಹೋಗಿ ಸೈಕಲ್ ನೋಡಲಿಲ್ಲ. ಮಜ್ಜಿಗೆಗೆ ಉಪ್ಪು ಜೀರಿಗೆ ಹಾಕಿ ಲೋಟ ಕೊಟ್ಟು ಎದುರಿಗೆ ಕೂತೆ.

"ನಂದೂ ಒಂದು ಐತ್ರಿ," ಎಂದೆ. "ಇಸ್ತ್ರಿ ಮಾಡಾಕ ಹೋಗಿ ನಿಮ್ಮ ಬಿಳಿ ಅಂಗಿ ಸುಟ್ಟೇನಿ. ಬೆನ್ನ ಮ್ಯಾಲ, ಅಂಗೈಯಷ್ಟು."

ಇವರು ಲೋಟ ಕೆಳಗಿಟ್ಟು, ಯಾವಾಗ ಎಂದರು. ಮಂಗಳವಾರ ಎಂದೆ. ಬೆರಳು ಮಡಚಿ ಎಣಿಸಿದರು.

"ನಾಕ ದಿನಾ," ಎಂದರು. "ಆವಾಗ ಮೂರೂವರಿ ತಿಂಗಳ ತೊಗೊಂಡಿದ್ದಿ. ಭಾಳ ಸುಧಾರಿಸಿದಿ ಬಿಡು."

ಲೋಟವನ್ನು ಮತ್ತೆ ನನ್ನ ಕಡೆ ಚಾಚಿದರು. ಇನ್ನರ್ಧ ಹಾಕಿದೆ.